ಕೆನ್ನೆಯ ಮೇಲಿನ ಹೆಬ್ಬೆಟ್ಟು

ಕಾಲೇಜು ಹುಡುಗಿಯೊಬ್ಬಳು ಚೀಲದಿಂದ ತೆಗೆದು ಮೇಜಿನ ಮೇಲಿಟ್ಟ ಗೊಂಬೆಯ ಎಡಗೆನ್ನೆ ಈ ವಾರವಿಡೀ ಕಣ್ಣಿಗೆ ಕಟ್ಟಿದೆ. ಏಳು ಇಂಚಿನ ಮನ್ನಿ, ಅಂದರೆ ಖಾಲಿ ಬಿಳಿ ಮೈಯಲ್ಲಿ ಮಾರುವ ವಿನೈಲ್ ಗೊಂಬೆ. ಕಡುನೀಲಿ ಮೈ ಮೇಲೆ ಕೈಯಲ್ಲೇ ಎಳೆದ ಬಿಳಿ ಮೀನುಗಳು. ಕೆನ್ನೆಯಲ್ಲಿ ಮಾತ್ರ ಯಾರದೋ ಹೆಬ್ಬೆರಳಿನ ಗುರುತು, ನೋಂದಣಿ ಕಚೇರಿಯಲ್ಲಿ ಒತ್ತಿಸಿಕೊಂಡಷ್ಟು ಸ್ಪಷ್ಟ.

"ತಗೊಂಡು ನಾಲ್ಕು ತಿಂಗಳಾಯ್ತು ಸರ್, ಇನ್ನೂ ಅಂಟ್ತಾನೇ ಇದೆ" ಅಂದಳು. ಜೊತೆಗೆ ಬಂದಿದ್ದ ಅಪ್ಪ, "ಪ್ಲಾಸ್ಟಿಕ್ ಗೊಂಬೆಗೆ ಬಣ್ಣ ಬಳಿಯೋದ್ರಲ್ಲಿ ಅಂಥದ್ದೇನಿದೆ?" ಅಂತ ಕೇಳಿದರು.

ಆ ಬಣ್ಣ ಒಣಗುವುದೇ ಇಲ್ಲ. ಬಳಿದಿದ್ದು ಹಾರ್ಡ್‌ವೇರ್ ಅಂಗಡಿಯ ಎನಾಮಲ್. ಮನೆಯ ನೀರಿನ ಪೈಪೂ ಪಿವಿಸಿ, ಈ ವಿನೈಲ್ ಗೊಂಬೆಯೂ ಪಿವಿಸಿ. ಗೊಂಬೆ ಮೆತ್ತಗಿರಲಿ ಎಂದು ಅದಕ್ಕೆ ಪ್ಲಾಸ್ಟಿಸೈಸರ್ ಎಂಬ ಎಣ್ಣೆಯಂಥ ದ್ರವ ಬೆರೆಸಿರುತ್ತಾರೆ. ಅದು ಒಳಗೆ ಸುಮ್ಮನೆ ಕೂರುವುದಿಲ್ಲ, ನಿಧಾನಕ್ಕೆ ಮೇಲೆ ಬಂದು ಎನಾಮಲ್ ಪದರಕ್ಕೆ ಸೇರಿ ಅದನ್ನು ಮೆತ್ತಗಾಗಿಸುತ್ತದೆ. ಮೊದಮೊದಲು ಒಣಗಿದಂತೆ ಕಾಣುತ್ತದೆ, ಮಾರುವವರಿಗೆ ಅಷ್ಟು ಸಾಕು. ಅಂಟು ಶುರುವಾಗುವುದು ಆಮೇಲೆ, ಕೊಂಡವರ ಮನೆಯಲ್ಲಿ. ಮೇಲಿಂದ ಹೊಡೆದ ಸ್ಪ್ರೇ ವಾರ್ನಿಶ್ಶೂ ಎಷ್ಟೋ ಸಲ ಇದನ್ನೇ ಮಾಡುತ್ತದೆ, ಕೆಳಗಿನ ಬಣ್ಣ ಒಳ್ಳೆಯದಿದ್ದರೂ.

ಆ ಮೀನುಗಳನ್ನು ಬರೆದ ಕೈ ಒಳ್ಳೆಯ ಕೈ. ಹಾಗಾಗಿಯೇ ಸಿಟ್ಟು ಬಂತು. ಇಷ್ಟು ಚೆಂದ ಗೆರೆ ಎಳೆಯಬಲ್ಲವರು ತಾವು ಯಾವುದರ ಮೇಲೆ ಬರೆಯುತ್ತಿದ್ದೇವೆ ಎಂದು ತಿಳಿದುಕೊಳ್ಳಬೇಡವೇ? ಗೊಂಬೆಯನ್ನು ತಲೆಕೆಳಗು ಮಾಡಿ ನೋಡಿದೆ. ಕಾಲಡಿಯಲ್ಲಿ ಹೆಸರೇ ಇಲ್ಲ.

ಅಪ್ಪನ ಪ್ರಶ್ನೆಗೆ ಬರೋಣ, ಅಂಥದ್ದೇನಿದೆ? ಅಚ್ಚಿನಿಂದ ಗೊಂಬೆ ಬಿಡಲೆಂದು ಹಾಕುವ ಜಿಡ್ಡು ಮೈಮೇಲೆ ಉಳಿದಿರುತ್ತದೆ. ಪಾತ್ರೆ ತೊಳೆಯುವ ಸೋಪಿನಲ್ಲಿ, ಬೆಚ್ಚಗಿನ ನೀರಲ್ಲಿ ಉಜ್ಜಿ ತೊಳೆದು ಪೂರ್ತಿ ಆರಿಸಬೇಕು. ಕೀಲುಗಳಿಗೆ ಹೇರ್ ಡ್ರೈಯರ್ ಹಿಡಿದು ಮೆತ್ತಗೆ ಮಾಡಿ ತಲೆ, ಕೈ ಬಿಚ್ಚಬೇಕು. ತಣ್ಣಗಿರುವಾಗ ಎಳೆದರೆ ಕೀಲಿನ ಗುಬುಟೇ ಹರಿಯುತ್ತದೆ. 400ರ ನೀರು ಕಾಗದದಲ್ಲಿ, ಅಂದರೆ ನೀರು ಹಾಕಿ ಉಜ್ಜುವ ಮರಳು ಕಾಗದದಲ್ಲಿ, ಹಗುರವಾಗಿ ಉಜ್ಜಿ, ಬಣ್ಣಕ್ಕೆ ಮೊದಲು ಹಚ್ಚುವ ನೀರಿನ ಅಕ್ರಿಲಿಕ್ ಪ್ರೈಮರ್ ಎರಡು ಮೂರು ತೆಳು ಕೋಟು, ನಡುವೆ 600ರ ಕಾಗದ. ಗಾಳಿಯಲ್ಲಿ ಬಣ್ಣ ಊದುವ ಏರ್‌ಬ್ರಶ್ಶಾದರೆ 0.3 ಮಿ.ಮೀ. ನಾಜಲ್, 15ರಿಂದ 20 ಪಿಎಸ್ಐ ಒತ್ತಡ. ಅಕ್ರಿಲಿಕ್ ಬಣ್ಣ ಹಾಲಿನಷ್ಟು ತೆಳ್ಳಗಿರಬೇಕು. ಕಿವಿ, ಮೂಗು ಸೇರಿಸುವುದಿದ್ದರೆ ಪ್ರೈಮರಿಗೂ ಮೊದಲೇ ಎರಡು ಭಾಗದ ಎಪಾಕ್ಸಿ ಪುಟ್ಟಿ ಸಮಸಮ ಕಲಸಿ ಹಚ್ಚಿ, ಒಂದು ದಿನ ಮುಟ್ಟಬಾರದು. ಕೊನೆಗೆ ನೀರಿನ ಮ್ಯಾಟ್ ವಾರ್ನಿಶ್. ಕುತ್ತಿಗೆ ತಿರುಗುವ ಜಾಗದಲ್ಲಿ ಬಣ್ಣವೇ ಬೇಡ. ಅಲ್ಲಿ ಬಳಿದರೆ ನಾಲ್ಕು ಸಲ ತಿರುಗಿಸುವುದರೊಳಗೆ ಕಿತ್ತು ಬರುತ್ತದೆ. ಮಂಗಳೂರಿನ ಮಳೆಗಾಲದಲ್ಲಂತೂ ಬಣ್ಣದ ಪ್ರತಿ ಕೋಟ್‌ಗೂ ದುಪ್ಪಟ್ಟು ಹೊತ್ತು ಕಾಯಬೇಕು.

ಅಪ್ಪ ಕೇಳಿದ್ದು ತಪ್ಪೇನಲ್ಲ. ಗೊಂಬೆಗೆ ಬಣ್ಣ ಹಾಕುವವರನ್ನು ಯಾರೂ ಗಮನಿಸುವುದೇ ಇಲ್ಲ. 2025ರ ಜೂನ್‌ನಲ್ಲಿ ಬೀಜಿಂಗ್‌ನ ಹರಾಜಿನಲ್ಲಿ ಆಳೆತ್ತರದ ಲಬುಬು ಗೊಂಬೆ 10.8 ಲಕ್ಷ ಯುವಾನ್‌ಗೆ ಹೋದಾಗ ಅದನ್ನು ಕಲ್ಪಿಸಿದ ಕಾಸಿಂಗ್ ಲಂಗ್ ಹೆಸರು ನಮ್ಮ ಪೇಪರುಗಳಲ್ಲೂ ಬಂತು. ಬರಬೇಕಾದದ್ದೇ. ಆದರೆ ಕಾರ್ಖಾನೆಗಳಲ್ಲಿ ಇಂಥ ವಿನೈಲ್ ಮುಖಕ್ಕೆ ಅದರದೇ ಆಕಾರದ ಲೋಹದ ಮುಖವಾಡ ಒತ್ತಿ ಹಿಡಿದು, ತೂತಿನಲ್ಲಿ ಕೆನ್ನೆಗೆಂಪು ಊದುವ ಕೈಗಳಿವೆ. ಸಿಲಿಕೋನ್ ಪ್ಯಾಡಿನಿಂದ ಕಣ್ಣು ಅಚ್ಚೊತ್ತುವವರಿದ್ದಾರೆ. ಮುಖವಾಡ ಕೂದಲೆಳೆಯಷ್ಟು ಜರುಗಿದರೂ ಗೊಂಬೆಯ ಮುಖವೇ ಬದಲು. ಅವರ ಹೆಸರು ಯಾವ ಪೆಟ್ಟಿಗೆಯ ಮೇಲೂ ಇರುವುದಿಲ್ಲ.

ಖಾಲಿ ಗೊಂಬೆ ಬಂದದ್ದರಿಂದ ಈ ಲೆಕ್ಕ ಕೊಂಚ ಬದಲಾಯಿತು. ಪಾಲ್ ಬಡ್ನಿಟ್ಜ್ ಮತ್ತು ಟ್ರಿಸ್ಟನ್ ಈಟನ್ 2004ರಲ್ಲಿ ಕಿಡ್‌ರೋಬಾಟ್ ಎಂಬ ಗೊಂಬೆ ಕಂಪನಿಯಿಂದ ತಂದ ಡನ್ನಿ ಎಂಬ ಗೊಂಬೆಯ ಒಂದೇ ಆಕಾರದ ಮೇಲೆ ನೂರಾರು ಕಲಾವಿದರು ಬರೆದರು. ಅದರ ಬೆನ್ನಿಗೇ ಬಂತು ಮನ್ನಿ, ಅಚ್ಚ ಬಿಳಿ ಮೈಯಲ್ಲಿ, ಕೊಂಡವರೇ ಬರೆದುಕೊಳ್ಳಲಿ ಎಂದು. ಅಲ್ಲಿ ಬಣ್ಣ ಹಾಕಿದವರೇ ಕರ್ತೃ. ಹೆಸರು ಹಾಕುವ ಹಕ್ಕು ಸಿಕ್ಕಮೇಲೆ, ಅಂಟಿದರೆ ಉತ್ತರ ಹೇಳುವ ಹೊಣೆಯೂ ಅವರದೇ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

"ಸರಿ ಮಾಡ್ಬಹುದಾ ಸರ್?" ಎಂದಳು ಹುಡುಗಿ. ಮೀನುಗಳು ಉಳಿಯುವುದಿಲ್ಲ. ಮೊದಲು ಎಲ್ಲ ಕಡೆಯಿಂದ ಫೋಟೋ ತೆಗೆದಿಟ್ಟುಕೊ ಎಂದೆ. ಆಮೇಲೆ ಬಟ್ಟೆಗೆ ಸ್ವಲ್ಪವೇ ಟರ್ಪೆಂಟೈನ್ ತೇವ ಮಾಡಿ, ಕಾಲಡಿಯಲ್ಲಿ ಪರೀಕ್ಷೆ ಮಾಡಿಕೊಂಡು, ಒರೆಸಿ ಒರೆಸಿ ತೆಗೆಯಬೇಕು. ಬಣ್ಣ ತೆಳುವಾಗಿಸುವ ಕಟುವಾದ ಎನ್‌ಸಿ ಥಿನ್ನರ್ ಬೇಡ, ಅಸಿಟೋನಿನಲ್ಲಿ ನೆನೆಹಾಕುವುದಂತೂ ಬೇಡವೇ ಬೇಡ. ಮೊದಲು ವಿನೈಲ್ ಉಬ್ಬುತ್ತದೆ, ಆಮೇಲೆ ಒಳಗಿನ ಎಣ್ಣೆ ಕಳೆದುಕೊಂಡು ಸೆಟೆದು ಕುಗ್ಗುತ್ತದೆ. ಮತ್ತೆ ಸೋಪು, ಮತ್ತೆ ಪ್ರೈಮರ್.

ತಾನೇ ಬರೆಯುತ್ತೇನೆ ಎಂದಳು. ಹಾಗಾದರೆ ಮುಗಿದ ಮೇಲೆ ಕಾಲಡಿಯಲ್ಲಿ ಹೆಸರು, ತಿಂಗಳು, ವರ್ಷ ಬರೆದು, ಪಕ್ಕದಲ್ಲಿ ಯಾವ ಪ್ರೈಮರ್, ಯಾವ ಬಣ್ಣ, ಯಾವ ವಾರ್ನಿಶ್ ಎಂದೂ ಸಣ್ಣಕ್ಷರದಲ್ಲಿ ನಮೂದಿಸು ಎಂದೆ. ಮುಂದೆ ರಿಪೇರಿಗೆ ಕೂರುವವರು ಮೊದಲು ಹುಡುಕುವುದು ಅದನ್ನೇ.