ನೀಲಗಿರಿ ಸವಾರಿಗೆ ತಯಾರಿ: ಕಲ್ಹಟ್ಟಿ ಏರು, ಗೇರು, ನಿಧಿ ಸಂಗ್ರಹ

ಡಿಸೆಂಬರಿನ ಟೂರ್ ಆಫ್ ನೀಲಗಿರೀಸ್‌ನಲ್ಲಿ ನನಗೆ ಜಾಗ ಸಿಕ್ಕಿದೆ. ಬೆಂಗಳೂರಿನ ಸೈಕಲ್ ಪ್ರಿಯರು 2008ರಲ್ಲಿ ಶುರು ಮಾಡಿದ ಸವಾರಿ ಇದು. ಸೈಕಲ್ ಬಳಕೆ ಹೆಚ್ಚಬೇಕು ಅನ್ನೋದೇ ಇದರ ಮೂಲ ಉದ್ದೇಶ. ನಾನು ಸೇರಿರುವುದು ನಿಧಿ ಸಂಗ್ರಹಿಸಿಕೊಂಡು ತುಳಿಯುವವರ ಸಾಲಿಗೆ. ಹಾಗಾಗಿ ಕಾಲಿಗೂ ಕೆಲಸ, ಬಾಯಿಗೂ ಕೆಲಸ.

ಮೊದಲು ಕಾಲಿನ ವಿಷಯ. ಎಲ್ಲರ ಮಾತೂ ಕೊನೆಗೆ ಬಂದು ನಿಲ್ಲುವುದು ಕಲ್ಹಟ್ಟಿ ಘಾಟಿಯ ಹತ್ತಿರ. ಮಸಿನಗುಡಿ ಕಡೆಯಿಂದ ಊಟಿಗೆ 36 ಹೇರ್‌ಪಿನ್ ತಿರುವು, ಊಟಿ ಇರುವುದು 2,240 ಮೀಟರ್ ಎತ್ತರದಲ್ಲಿ. ನನ್ನ ಸೈಕಲ್ಲಿನ ಹಿಂದಿನ ಕ್ಯಾಸೆಟ್‌ನಲ್ಲಿ (ಹಿಂಚಕ್ರದ ಹಲ್ಲುಗಾಲಿಗಳ ಗೊಂಚಲು) ದೊಡ್ಡ ಗೇರಿಗೆ 28 ಹಲ್ಲು ಇತ್ತು; ಈ ವಾರ 34ರದ್ದು ಹಾಕಿಸಿದೆ, ಜೊತೆಗೆ ಅದಕ್ಕೆ ಹೊಂದುವ ಉದ್ದ ಕೇಜಿನ ಡಿರೇಲರ್, ಅಂದರೆ ಚೈನನ್ನು ಒಂದು ಗೇರಿನಿಂದ ಇನ್ನೊಂದಕ್ಕೆ ದಾಟಿಸುವ ಭಾಗ, ಮತ್ತೆ ಹೊಸ ಚೈನು. ಮುಂದೆ ಪೆಡಲಿನ ಹತ್ತಿರದ ಚಿಕ್ಕ ಹಲ್ಲುಗಾಲಿಯಲ್ಲೂ 34 ಹಲ್ಲು ಇರುವುದರಿಂದ ಪೆಡಲ್ ಒಂದು ಸುತ್ತಿಗೆ ಚಕ್ರವೂ ಒಂದೇ ಸುತ್ತು, ಸುಮಾರು 2.1 ಮೀಟರ್. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ ಏಳೂವರೆ ಕಿಲೋಮೀಟರ್. 28ರಲ್ಲಿ ಇದೇ ವೇಗಕ್ಕೆ ಸುತ್ತು ಐವತ್ತರ ಕೆಳಗೆ ಇಳಿಯುತ್ತದೆ, ಆ ಭಾರವೆಲ್ಲ ಮಂಡಿಯ ಮೇಲೆ. ನಂದಿ ಬೆಟ್ಟದ ಕೊನೆಯ ಕಡಿದಾದ ಭಾಗದಲ್ಲಿ ವ್ಯತ್ಯಾಸ ಚೆನ್ನಾಗಿ ಗೊತ್ತಾಯಿತು: ಉಸಿರು ಏರಿತು, ತೊಡೆ ಮಾತ್ರ ಉರಿಯಲಿಲ್ಲ. ತಿರುವಿನಲ್ಲಿ ಒಳಬದಿ ಹತ್ತಿರವಾದರೂ ಕಡಿದು. ಎದುರಿನಿಂದ ಗಾಡಿ ಇಲ್ಲ ಅಂತ ಖಾತ್ರಿಯಾದಾಗ ಮಾತ್ರ ಸ್ವಲ್ಪ ಹೊರಕ್ಕೆ ಸರಿದು ಹತ್ತುವುದನ್ನು ರೂಢಿ ಮಾಡಿಕೊಳ್ಳುತ್ತಿದ್ದೇನೆ.

ಗುಂಪಿನಲ್ಲಿ ತುಳಿಯುವುದು ಬೇರೆಯದೇ ವಿದ್ಯೆ. ಮುಂದಿನವರ ಚಕ್ರಕ್ಕೆ ಅಂಟಿಕೊಂಡರೆ ಗಾಳಿಯ ತಡೆ ಕಡಿಮೆ, ಆದರೆ ರಸ್ತೆ ಕಾಣುವುದಿಲ್ಲ. ಅದಕ್ಕೇ ಮುಂದಿನವರು "ಗುಂಡಿ!", "ಹಂಪ್!" ಅಂತ ಕೂಗಿ ಕೈ ತೋರಿಸಬೇಕು, ಆ ಕೂಗು ಕೊನೆಯವರೆಗೆ ಹರಿಯಬೇಕು. ಶನಿವಾರದ ಗೆಳೆಯರ ಜೊತೆ ಇದು ಈಗ ಸಲೀಸಾಗಿದೆ. ಟೈರು, ಬಟ್ಟೆ, ಓಆರ್‌ಎಸ್ ಎಲ್ಲ ತಂದಾಯಿತು.

ಇನ್ನು ದುಡ್ಡಿನ ವಿಷಯ. "ದೇಣಿಗೆ ಸೀದಾ ಕೊಟ್ಟರಾಯಿತಲ್ಲ, ಘಾಟಿ ಯಾಕೆ ಹತ್ತಬೇಕು?" ಅಂತ ಆಫೀಸಿನಲ್ಲಿ ಒಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ನಮ್ಮಲ್ಲಿ ಸೈಕಲ್ ನಂಬಿ ಬದುಕುವವರು ಪೇಪರ್ ಹಾಕುವವರು, ಸೊಪ್ಪು ಮಾರುವವರು, ರಾತ್ರಿ ಪಾಳಿಯ ಕಾವಲುಗಾರರು. ಅವರು ಎಷ್ಟು ದೂರ ತುಳಿದರೂ ಸುದ್ದಿಯಾಗುವುದಿಲ್ಲ. ಹೆಲ್ಮೆಟ್ ಹಾಕಿದ ನೂರು ಜನ ಊರು ದಾಟಿದರೆ ಮಾತ್ರ ಕ್ಯಾಮೆರಾ ತಿರುಗುತ್ತದೆ. ಆ ಗಮನವನ್ನು ಅವರ ರಸ್ತೆಯ ಕಡೆಗೆ ತಿರುಗಿಸಲೇಬೇಕು ಅಂತ ನನ್ನ ಹಟ. ಬೆಂಗಳೂರಿನ ಹೊರ ವರ್ತುಲ ರಸ್ತೆಯಲ್ಲಿ 2020ರಲ್ಲಿ ಬಂದ ಸೈಕಲ್ ಪಥ ಕಂಬಗಳನ್ನು ಕಳೆದುಕೊಂಡು ಮತ್ತೆ ವಾಹನಗಳ ಪಾಲಾಯಿತು. ಎಂಟನೇ ತರಗತಿ ಮಕ್ಕಳಿಗೆ 2006-07ರಿಂದ ಸರ್ಕಾರ ಕೊಟ್ಟ ಸೈಕಲ್ಲುಗಳು ಎಷ್ಟೋ ಹಳ್ಳಿ ಹುಡುಗಿಯರನ್ನು ಹೈಸ್ಕೂಲಿಗೆ ಕರೆದೊಯ್ದವು. ಅವರಿಗೂ ಲಾರಿಗಳಿಗೂ ಒಂದೇ ರಸ್ತೆ. ಇಷ್ಟು ಹೇಳಿದ ಮೇಲೆ ಕೇಳಿದವರೇ ಮೊದಲ ದೇಣಿಗೆ ಕೊಟ್ಟರು.

ಗುರಿಯ ಅರ್ಧ ದಾಟಿದೆ. ಬರುವ ಭಾನುವಾರ ನಂದಿಯನ್ನು ಬೆನ್ನುಬೆನ್ನಿಗೆ ಎರಡು ಸಲ ಹತ್ತುತ್ತೇನೆ, ಎರಡನೆಯದು ಪೂರ್ತಿ ಸೀಟಿನ ಮೇಲೆ ಕೂತೇ. ಹೊಸ ಚೈನಿನ ಉದ್ದವನ್ನು ಅದಕ್ಕೆ ಮುಂಚೆ ಇನ್ನೊಮ್ಮೆ ನೋಡಿಸಬೇಕು.