ಕೋರ್ಟ್ ಸ್ಟೆನೊ ಆಗಬೇಕಾ? ಸರ್ಟಿಫಿಕೇಟ್ ತಗೊಳ್ಳಿ, ಆಮೇಲೆ ಕೋರ್ಟ್ ಹಾಲ್‌ನಲ್ಲಿ ಹೋಗಿ ಕೂರಿ

ನಾನು ಕೋರ್ಟಿನಲ್ಲಿ ಸ್ಟೆನೊ ಎಂದ ಕೂಡಲೇ ಬರುವ ಪ್ರಶ್ನೆ ಒಂದೇ. "ಲಾಯರ್, ಸಾಕ್ಷಿ ಮಾತಾಡಿದ್ದೆಲ್ಲ ಹಾಗೇ ಬರ್ಕೋತೀರಾ?"

ಇಲ್ಲ. ಅದು ಅಮೆರಿಕದ ಕೋರ್ಟ್ ರಿಪೋರ್ಟರ್‌ಗಳ ಕೆಲಸ. ಅವರಿಗೆ ಅದಕ್ಕೆಂದೇ ಒಂದು ಪುಟ್ಟ ಯಂತ್ರವಿದೆ. ಒಂದೇ ಸಲಕ್ಕೆ ಹಲವು ಕೀಲಿ ಒತ್ತುತ್ತಾರೆ. ಅಲ್ಲಿನ ಆರ್‌ಪಿಆರ್ (ರಿಜಿಸ್ಟರ್ಡ್ ಪ್ರೊಫೆಷನಲ್ ರಿಪೋರ್ಟರ್) ಸರ್ಟಿಫಿಕೇಟ್ ಬೇಕೆಂದರೆ ಸಾಕ್ಷಿಯ ಪ್ರಶ್ನೋತ್ತರವನ್ನು ನಿಮಿಷಕ್ಕೆ 225 ಪದದ ವೇಗದಲ್ಲಿ ತೆಗೆಯಬೇಕು, ಅದರಲ್ಲಿ 95% ಸರಿ ಇರಬೇಕು. ನಮ್ಮ ಜಿಲ್ಲೆ, ತಾಲ್ಲೂಕು ಕೋರ್ಟುಗಳಲ್ಲಿ ಸಾಕ್ಷಿ ಹೇಳಿದ್ದನ್ನು ಸಾಹೇಬರು, ಅಂದರೆ ನ್ಯಾಯಾಧೀಶರು, ಕೇಳಿ, ಅದನ್ನು ವಾಕ್ಯ ಮಾಡಿ ಉಕ್ತಲೇಖನ ಕೊಡುತ್ತಾರೆ. ನಾವು ಅಲ್ಲೇ ಟೈಪ್ ಮಾಡುತ್ತೇವೆ. ಪ್ರಶ್ನೆ ಮುಖ್ಯ ಅನಿಸಿದರೆ ಮಾತ್ರ ಪ್ರಶ್ನೆ, ಉತ್ತರ ಎರಡನ್ನೂ ಹಾಗೆಯೇ ಬರೆಸುತ್ತಾರೆ.

ಈ ಕೆಲಸಕ್ಕೆ ದಾರಿ ಕಷ್ಟ, ಆದರೆ ಗೋಜಲಿಲ್ಲ. ಪಿಯುಸಿ ಜೊತೆಗೆ ಕನ್ನಡ, ಇಂಗ್ಲಿಷ್ ಎರಡರಲ್ಲೂ ಸೀನಿಯರ್ ಟೈಪಿಂಗ್, ಸೀನಿಯರ್ ಶಾರ್ಟ್‌ಹ್ಯಾಂಡ್ (ಶೀಘ್ರಲಿಪಿ) ಪಾಸಾಗಿರಬೇಕು. ಹಿಂದೆ ಎಸ್ಸೆಸ್ಸೆಲ್ಸಿ ಬೋರ್ಡ್ ಎನ್ನುತ್ತಿದ್ದೆವಲ್ಲ, ಆ ಮಂಡಳಿಯೇ ಈ ಪರೀಕ್ಷೆ ನಡೆಸುತ್ತದೆ. ಪಾಲಿಟೆಕ್ನಿಕ್‌ನ ಕಮರ್ಷಿಯಲ್ ಪ್ರಾಕ್ಟೀಸ್ ಡಿಪ್ಲೊಮಾ ಇನ್ನೊಂದು ದಾರಿ. ಹುದ್ದೆ ಖಾಲಿಯಾದಾಗ ಆಯಾ ಜಿಲ್ಲಾ ನ್ಯಾಯಾಲಯವೇ ಅಧಿಸೂಚನೆ ಹೊರಡಿಸುತ್ತದೆ. ಅರ್ಹತೆಯ ಸಾಲುಗಳನ್ನು ಅದರಲ್ಲೇ ಓದಿ, ಕೋಚಿಂಗ್‌ನವರ ಬಾಯಿಮಾತು ನಂಬಬೇಡಿ.

ನಂತರ ಕೋರ್ಟೇ ಮತ್ತೊಮ್ಮೆ ಪರೀಕ್ಷೆ ಮಾಡುತ್ತದೆ. ನಿಮಿಷಕ್ಕೆ 120 ಪದದಂತೆ 5 ನಿಮಿಷ ಉಕ್ತಲೇಖನ, ಎರಡೂ ಭಾಷೆಯಲ್ಲಿ. ಒಂದೊಂದರಲ್ಲೂ 600 ಪದ. ನೀವೀಗ ಓದುತ್ತಿರುವ ಈ ಬರಹ ಅದಕ್ಕಿಂತ ಸ್ವಲ್ಪ ಚಿಕ್ಕದೇ ಇದೆ, 5 ನಿಮಿಷದಲ್ಲಿ ಯಾರಿಂದಾದರೂ ಓದಿಸಿ ನೋಡಿ. ಕನ್ನಡದ್ದು ಇನ್ನೂ ಕಷ್ಟ. ಇಂಗ್ಲಿಷಿನಲ್ಲಿ ನಾಲ್ಕು ಪದವಾಗುವುದು ನಮ್ಮಲ್ಲಿ 'ಹೋಗುತ್ತಿದ್ದೆನೆಂದು' ಎಂದು ಒಂದೇ ಉದ್ದನೆಯ ಪದವಾಗುತ್ತದೆ. ಇಂಗ್ಲಿಷ್ ಬರಲ್ಲ ಎಂದು ಹೆದರುವವರು ಜಾಸ್ತಿ. ನನ್ನ ಪ್ರಕಾರ ಕನ್ನಡಕ್ಕೇ ಹೆಚ್ಚು ಹೊತ್ತು ಕೊಡಬೇಕು. ದಿನವಿಡೀ ಮಾಡುವ ಕೆಲಸ ಅದರಲ್ಲೇ ಅಲ್ವಾ?

ಇನ್‌ಸ್ಟಿಟ್ಯೂಟ್‌ನಲ್ಲಿ ಹೇಳಿಕೊಡದ ಪಾಠ ಶುರುವಾಗುವುದು ಪಾಟೀಸವಾಲಿನಲ್ಲಿ, ಅಂದರೆ ಎದುರು ಪಕ್ಷದ ವಕೀಲರು ಸಾಕ್ಷಿಯನ್ನು ಪ್ರಶ್ನಿಸುವಾಗ. ವಕೀಲರು ಕೇಳುತ್ತಾರೆ, "ನೀವು ಆವತ್ತು ಅಲ್ಲಿ ಇರಲೇ ಇಲ್ಲ, ಪೊಲೀಸರು ಹೇಳಿಕೊಟ್ಟಿದ್ದನ್ನ ಹೇಳ್ತಿದೀರಿ, ಹೌದಲ್ವಾ?" ಸಾಕ್ಷಿ, "ಅಯ್ಯೋ ಇದ್ದೆ ಸ್ವಾಮಿ, ಹುಣಸೆಮರದ ಹತ್ರಾನೇ ನಿಂತಿದ್ದೆ" ಎನ್ನುತ್ತಾರೆ. ಸಾಹೇಬರ ಉಕ್ತಲೇಖನ ಬರುವುದು ಹೀಗೆ: "ಘಟನೆಯ ದಿನ ನಾನು ಸ್ಥಳದಲ್ಲಿ ಇರಲಿಲ್ಲ ಎಂದರೆ ಸರಿಯಲ್ಲ. ಪೊಲೀಸರು ಹೇಳಿಕೊಟ್ಟಂತೆ ಸುಳ್ಳು ಸಾಕ್ಷಿ ನುಡಿಯುತ್ತಿದ್ದೇನೆ ಎಂದರೆ ಸರಿಯಲ್ಲ. ಸಾಕ್ಷಿ ಮುಂದುವರೆದು, ಹುಣಸೆಮರದ ಹತ್ತಿರ ನಿಂತಿದ್ದೆ ಎಂದು ನುಡಿಯುತ್ತಾರೆ." ಇಂಥ ವಾಕ್ಯ ಒಂದರ ಹಿಂದೊಂದು ಬರುತ್ತಲೇ ಇರುತ್ತವೆ. ಎಲ್ಲೋ ಒಂದು ಕಡೆ 'ಸರಿಯಲ್ಲ' ಹೋಗಿ 'ಸರಿ' ಎಂದು ಬಿದ್ದರೆ ಸಾಕ್ಷಿ ಒಪ್ಪಿಕೊಂಡ ಹಾಗಾಯಿತು. ಅದಕ್ಕೇ ಕೊನೆಗೆ ಓದಿ ಹೇಳುತ್ತಾರೆ, 'ಓದಿ ಹೇಳಿ ಕೇಳಿದೆ, ಸರಿ ಇದೆ' ಎಂದು ಬರೆದು ಸಾಕ್ಷಿಯ ಸಹಿ ತೆಗೆದುಕೊಳ್ಳುತ್ತಾರೆ. ಆ ಹೊತ್ತಿಗೆ ಸಾಕ್ಷಿಗೆ ಮನೆಗೆ ಹೋದರೆ ಸಾಕಾಗಿರುತ್ತದೆ. ಹಾಗಾಗಿ ಅಲ್ಲಿ ತಪ್ಪು ಸಿಗುತ್ತದೆ ಎಂದು ನೆಚ್ಚಿಕೊಳ್ಳುವ ಹಾಗಿಲ್ಲ. ಕಿವಿ ವಕೀಲರ ಪ್ರಶ್ನೆಯ ಮೇಲೂ ಇರಬೇಕು, ಸಾಕ್ಷಿಯ ಉತ್ತರದ ಮೇಲೂ ಇರಬೇಕು. ಸಾಹೇಬರ ಉಕ್ತಲೇಖನ ಮೂರನೆಯದು. ಮೂರೂ ಹೊಂದದಿದ್ದರೆ ಮೆಲ್ಲಗೆ ಕೇಳಬೇಕು, "ಸರ್, ಸರಿ ಅಂತಲಾ, ಸರಿಯಲ್ಲ ಅಂತಲಾ?" ಒಳ್ಳೆಯ ಸಾಹೇಬರು ಇದಕ್ಕೆ ಯಾವತ್ತೂ ಸಿಡುಕುವುದಿಲ್ಲ.

ಸಿವಿಲ್ ಕೇಸಿನಲ್ಲಿ ಜಮೀನಿನ ಲೆಕ್ಕ ಗೊತ್ತಿರಬೇಕು. 40 ಗುಂಟೆಗೆ ಒಂದು ಎಕರೆ. ಹಾಗಿರುವಾಗ '1 ಎಕರೆ 42 ಗುಂಟೆ' ಎಂದು ಕಿವಿಗೆ ಬಿದ್ದರೆ ಕೈ ತಾನಾಗಿಯೇ ನಿಲ್ಲಬೇಕು. ಒಂದೋ ತಪ್ಪು ಕೇಳಿಸಿದೆ, ಇಲ್ಲವೇ ದಾವಾಪತ್ರದಲ್ಲೇ ತಪ್ಪಿದೆ. ಚೆಕ್ಕುಬಂದಿಯಲ್ಲಿ (ಜಮೀನಿನ ನಾಲ್ಕು ದಿಕ್ಕಿನ ಗಡಿ ವಿವರ) ಪೂರ್ವ, ಪಶ್ಚಿಮ ಅದಲುಬದಲಾಗುವುದೂ ಹೀಗೆಯೇ. ಡಿಕ್ರಿಯಲ್ಲಿ (ಸಿವಿಲ್ ತೀರ್ಪಿನ ಅಂತಿಮ ಆದೇಶಪತ್ರ) ಇಂಥ ಕೈತಪ್ಪು ಉಳಿದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 152ನೇ ಕಲಮಿನಲ್ಲಿ ತಿದ್ದಿಸಬಹುದು, ನಿಜ. ಆದರೆ ಕಕ್ಷಿದಾರ ಅದಕ್ಕೂ ಒಂದು ಅರ್ಜಿ ಹಾಕಿಸಬೇಕು, ಮತ್ತೆ ವಾಯಿದೆ, ಮತ್ತೆ ಬಸ್ ಚಾರ್ಜು.

ಹಾಗಾದರೆ ಶಾರ್ಟ್‌ಹ್ಯಾಂಡ್ ಎಲ್ಲಿ ಬೇಕು? ಆದೇಶ, ತೀರ್ಪುಗಳಲ್ಲಿ. ಚೇಂಬರಿನಲ್ಲಿ ಕೂತು ಸಾಹೇಬರು ನಿಲ್ಲಿಸದೆ ಹೇಳುತ್ತಾ ಹೋಗುತ್ತಾರೆ. ಪಿಟ್‌ಮನ್ ಶಾರ್ಟ್‌ಹ್ಯಾಂಡ್‌ನಲ್ಲಿ ತೆಳು ಗೆರೆ 'ಪ' ಆದರೆ ಅದೇ ಗೆರೆ ದಪ್ಪವಾದಾಗ 'ಬ'. ಸ್ವರಗಳು ಚುಕ್ಕೆ, ಅಡ್ಡಗೆರೆ. ವೇಗ ಹೆಚ್ಚಾದಂತೆ ಅವನ್ನು ಬಿಟ್ಟುಬಿಡುತ್ತೇವೆ. ಬಿಟ್ಟ ಸ್ವರವನ್ನು ಓದುವಾಗ ತುಂಬುವುದು ಸಂದರ್ಭ ನೋಡಿ. ಸಂದರ್ಭ ಗೊತ್ತಾಗಬೇಕಾದರೆ ಕೇಸು ಗೊತ್ತಿರಬೇಕು. ಅದಕ್ಕೆ ನಾನು ಉಕ್ತಲೇಖನಕ್ಕೆ ಮುಂಚೆ ಫೈಲ್ ತೆರೆದು ಪಕ್ಷಕಾರರ ಹೆಸರು, ಸರ್ವೆ ನಂಬರ್, ನಿಶಾನೆ ಪಟ್ಟಿ (ಗುರುತು ಹಾಕಿದ ದಾಖಲೆಗಳ ಪಟ್ಟಿ) ನೋಡಿಕೊಳ್ಳುತ್ತೇನೆ. ನೋಟ್ಸನ್ನು ಅವತ್ತೇ ಟೈಪ್ ಮಾಡುತ್ತೇನೆ. ಮೂರು ದಿನ ಬಿಟ್ಟರೆ ನಾನು ಬರೆದದ್ದೇ ನನಗೆ ಬ್ರಹ್ಮಲಿಪಿ.

ಟೈಪ್‌ರೈಟರ್ ಮೇಲೆ ಕನ್ನಡ ಕಲಿತವರಿಗೆ ಒಂದು ಮಾತು. ಅದರ ಕೀಲಿಮಣೆ ಬೇರೆ, ಕಂಪ್ಯೂಟರಿನ ಕನ್ನಡ ತಂತ್ರಾಂಶ 'ನುಡಿ'ಯದ್ದು ಬೇರೆ. ಕಂಪ್ಯೂಟರ್ ಅಭ್ಯಾಸವನ್ನು ಪರೀಕ್ಷೆಯ ಹಿಂದಿನ ವಾರಕ್ಕೆ ಇಟ್ಟುಕೊಳ್ಳಬೇಡಿ.

ಸೀನಿಯರ್ ಮುಗಿಸಿ ಅಧಿಸೂಚನೆಗೆ ಕಾಯುತ್ತಾ ಸುಮ್ನೆ ಕೂರುವವರು ಬಹಳ ಜನ. ಹತ್ತಿರದ ಕೋರ್ಟಿಗೆ ಹೋಗಿ. ಮುಚ್ಚಿದ ಬಾಗಿಲ ವಿಚಾರಣೆ ಅಲ್ಲದಿದ್ದರೆ ಯಾರು ಬೇಕಾದರೂ ಹಿಂದಿನ ಬೆಂಚಿನಲ್ಲಿ ಕೂರಬಹುದು. ಮೊಬೈಲ್ ಆಫ್ ಇರಲಿ. ಪಾಟೀಸವಾಲು ನಡೆಯುವಾಗ ಸಾಹೇಬರು ಬರೆಸುವ ಮೊದಲೇ ಆ ವಾಕ್ಯ ಹೇಗೆ ಬರಬಹುದೆಂದು ಮನಸ್ಸಿನಲ್ಲೇ ಕಟ್ಟಿ ನೋಡಿ. ಮಹಜರು, ಮುದ್ದೆಮಾಲು, ಜಾಮೀನು, ಪಹಣಿ, ಹೀಗೆ ಪದೇ ಪದೇ ಬರುವ ಮಾತಿಗೆಲ್ಲ ನಿಮ್ಮದೇ ಚಿಕ್ಕ ಗುರುತು ಮಾಡಿಕೊಂಡು ನೋಟ್‌ಬುಕ್‌ನ ಕೊನೆಯ ಪುಟದಲ್ಲಿ ಬರೆದಿಡಿ.