ಮಲಗಿದ ನಾಯಿ ಸುಮ್ನೆ ಏದುಸಿರು ಬಿಡುವುದಿಲ್ಲ

ರಾತ್ರಿ ನನಗೆ ಬರುವ ಫೋನ್‌ಗಳಲ್ಲಿ ಜಾಸ್ತಿ ಕೇಳುವ ಮಾತು ಇದು: "ಡಾಕ್ಟ್ರೇ, ಓಡಿಲ್ಲ, ಆಡಿಲ್ಲ, ಮಲಗಿದ್ದ ಹಾಗೇ ನಾಲಿಗೆ ಚಾಚಿ ಏದುಸಿರು ಬಿಡ್ತಾ ಇದೆ, ಏನು ಕೊಡ್ಲಿ?" ಏನು ಕೊಡಬೇಕು ಅನ್ನುವುದು ಆಮೇಲಿನ ಮಾತು. ಮೊದಲು ತುಟಿ ಎತ್ತಿ ಒಸಡಿನ ಬಣ್ಣ ನೋಡಿ ಅನ್ನುತ್ತೇನೆ.

ಒಸಡು ತಿಳಿ ಗುಲಾಬಿ ಇದ್ದರೆ ಯೋಚಿಸಲು ಸ್ವಲ್ಪ ಸಮಯವಿದೆ. ಬಿಳಿಚಿಕೊಂಡಿದ್ದರೆ ರಕ್ತ ಕಮ್ಮಿಯಾಗಿರಬಹುದು, ನಮ್ಮ ಕಡೆ ಇದಕ್ಕೆ ಉಣ್ಣೆ ಹುಳ ಕಚ್ಚಿ ಬರುವ ಜ್ವರವೇ ಎಷ್ಟೋ ಸಲ ಕಾರಣ. ನೀಲಿಯಾಗಿದ್ದರೆ ಫೋನ್ ಇಟ್ಟು ತಕ್ಷಣ ಹೊರಡಬೇಕು. ಹೊಟ್ಟೆಯನ್ನೂ ನೋಡಿ. ಗ್ರೇಟ್ ಡೇನ್, ಜರ್ಮನ್ ಶೆಫರ್ಡ್‌ನಂಥ ದೊಡ್ಡ ಎದೆಯ ನಾಯಿ ಊಟ ಆದಮೇಲೆ ಓಕರಿಸುತ್ತಿದೆ, ಆದರೆ ಏನೂ ಬರುತ್ತಿಲ್ಲ, ಹೊಟ್ಟೆ ಉಬ್ಬಿದೆ ಅಂದರೆ ಜಠರ ತಿರುಚಿಕೊಂಡಿರಬಹುದು. ಬೆಳಗಾಗಲಿ ಅಂತ ಕಾಯುವ ಹಾಗೇ ಇಲ್ಲ.

ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ, ಬಾಯಿ ತೆರೆದು ತೇಕಿಯೇ ಮೈ ತಣ್ಣಗೆ ಮಾಡಿಕೊಳ್ಳಬೇಕು, ಹಾಗಾಗಿ ತೇಕುವುದನ್ನು ಕಂಡ ಕೂಡಲೇ ಎಲ್ಲರೂ ಸೆಕೆ ಅಂದುಕೊಳ್ಳುತ್ತಾರೆ. ಆದರೆ ನೋವಾದರೂ ತೇಕುತ್ತದೆ, ಪಟಾಕಿಗೆ ಹೆದರಿದರೂ ತೇಕುತ್ತದೆ. ಚರ್ಮದ ಕಾಯಿಲೆಗೆ ಸ್ಟೀರಾಯ್ಡ್ ಮಾತ್ರೆ ಶುರುಮಾಡಿದಾಗ ತೇಕಾಟದ ಜೊತೆ ನೀರು ಕುಡಿಯುವುದು, ಉಚ್ಚೆ ಹೊಯ್ಯುವುದೂ ಜಾಸ್ತಿಯಾಗುತ್ತದೆ.

ಇದನ್ನೆಲ್ಲ ನನ್ನ ಮನಸ್ಸಿನಲ್ಲಿ ಗಟ್ಟಿ ಮಾಡಿದ್ದು ಒಂದು ಬಾಣಂತಿ ಪೊಮೆರೇನಿಯನ್. ಬೇಸಿಗೆ. ಮನೆಯವರು ಸೆಕೆ ಅಂತ ಫ್ಯಾನ್ ಕೆಳಗೆ ಮಲಗಿಸಿ ಒದ್ದೆ ಬಟ್ಟೆ ಹೊದಿಸಿದ್ದರು. ಟೇಬಲ್ ಮೇಲೆ ಇಟ್ಟಾಗ ಕಾಲುಗಳು ಕೋಲಿನ ಹಾಗೆ ಸೆಟೆದಿದ್ದವು, ಕೆನ್ನೆಯ ಸ್ನಾಯು ಸಣ್ಣಗೆ ಅದುರುತ್ತಿತ್ತು, ಮೈ ಕಾದಿತ್ತು. "ಮರಿ ಹಾಕಿ ಎಷ್ಟು ದಿನ ಆಯ್ತಮ್ಮಾ?" ಅಂದೆ. ಮೂರು ವಾರ. ಹಾಲಿನಲ್ಲಿ ಕ್ಯಾಲ್ಸಿಯಂ ಹರಿದುಹೋಗಿ ರಕ್ತದಲ್ಲಿ ಕಮ್ಮಿಯಾಗಿತ್ತು. ಸ್ನಾಯುಗಳು ಬಿಡದೆ ಅದುರಿದ್ದಕ್ಕೇ ಮೈ ಅಷ್ಟು ಕಾದಿದ್ದು. ಎದೆಗೆ ಸ್ಟೆತಸ್ಕೋಪ್ ಹಿಡಿದುಕೊಂಡೇ ಕ್ಯಾಲ್ಸಿಯಂ ಅನ್ನು ನಿಧಾನವಾಗಿ ರಕ್ತನಾಳಕ್ಕೆ ಬಿಡಬೇಕು, ಅವಸರ ಮಾಡಿದರೆ ಹೃದಯವೇ ನಿಲ್ಲಬಹುದು. ಸಿರಿಂಜ್ ಖಾಲಿಯಾಗುವ ಮುಂಚೆಯೇ ಕಾಲು ಸಡಿಲವಾಯಿತು, ಬಾಯಿ ಮುಚ್ಚಿ ಮೂಗಿನಲ್ಲಿ ಉಸಿರಾಡತೊಡಗಿತು. ಮರಿಗಳಿಗೆ ಒಂದು ದಿನ ಬಾಟಲಿ ಹಾಲು ಹಾಕಿ, ತಾಯಿ ಹತ್ತಿರ ಬಿಡಬೇಡಿ ಅಂತ ಹೇಳಿ ಕಳಿಸಿದೆ.

ವಯಸ್ಸಾದ ನಾಯಿ ಇರುವವರಿಗೆ ಒಂದು ಕೆಲಸ ಹೇಳುತ್ತೇನೆ. ಅದು ಗಾಢ ನಿದ್ದೆಯಲ್ಲಿದ್ದಾಗ ಎದೆ ಎಷ್ಟು ಸಲ ಏರಿ ಇಳಿಯುತ್ತದೆ ಅಂತ 30 ಸೆಕೆಂಡ್ ಎಣಿಸಿ ಎರಡರಿಂದ ಗುಣಿಸಿ. ನಿಮಿಷಕ್ಕೆ 30ರ ಒಳಗಿರಬೇಕು. ದಿನವೂ ಅದಕ್ಕಿಂತ ಜಾಸ್ತಿ ಬರುತ್ತಿದ್ದರೆ, ಜೊತೆಗೆ ಕೆಮ್ಮೂ ಇದ್ದರೆ, ಹೃದಯ ಪರೀಕ್ಷೆ ಮಾಡಿಸಿ.

ಇನ್ನು, ಜ್ವರ ಇರಬಹುದು ಅಂತ ಮನೆಯಲ್ಲಿರುವ ಪ್ಯಾರಸಿಟಮಾಲ್, ಐಬುಪ್ರೊಫೆನ್ ಕೊಡಬೇಡಿ. ತೇಕುತ್ತಿರುವ ಬಾಯಿಗೆ ನೀರು ಹುಯ್ಯಬೇಡಿ, ಶ್ವಾಸಕೋಶಕ್ಕೆ ಇಳಿಯುತ್ತದೆ. ಮೊಬೈಲ್‌ನಲ್ಲಿ ಅರ್ಧ ನಿಮಿಷದ ವಿಡಿಯೋ ತೆಗೆದುಕೊಂಡು ಬನ್ನಿ, ಕ್ಲಿನಿಕ್ ಮೆಟ್ಟಿಲು ಹತ್ತಿದ ಕೂಡಲೇ ಎಷ್ಟೋ ನಾಯಿಗಳು ಬೇರೆ ಥರ ಉಸಿರಾಡುತ್ತವೆ.